ಜಿ ಕಂಪನಿಯ ಆಲ್ಬರ್ಟ್ ಕ್ಯಾಶಿಯರ್

ಈ ಬರಹದ ಮೊದಲ ವಾಕ್ಯವನ್ನು ಮೂರು ಸಲ ಬರೆದು ಅಳಿಸಿದೆ. ತೊಡಕಾಗಿದ್ದು ಒಂದೇ ಒಂದು ಕ್ರಿಯಾಪದ. ಅಮೆರಿಕದ ಅಂತರ್ಯುದ್ಧ ನಡೆಯುತ್ತಿದ್ದ 1862ರ ಆಗಸ್ಟ್ 6ರಂದು ಅಲ್ಲಿನ ಇಲಿನಾಯ್ ರಾಜ್ಯದ ಬೆಲ್ವಿಡೀರ್ ಎಂಬ ಊರಿನಲ್ಲಿ ಆಲ್ಬರ್ಟ್ ಕ್ಯಾಶಿಯರ್ ಸೈನ್ಯಕ್ಕೆ... ಸೇರಿದ ಎನ್ನಲೇ, ಸೇರಿದಳು ಎನ್ನಲೇ? ಇಂಗ್ಲಿಷಿನಲ್ಲಾದರೆ ಸರ್ವನಾಮ ಬಿಟ್ಟು ಹೆಸರನ್ನೇ ಮತ್ತೆ ಮತ್ತೆ ಬರೆದು ಪಾರಾಗಬಹುದು. ಕನ್ನಡದಲ್ಲಿ ಆ ದಾರಿ ಇಲ್ಲ. ವಾಕ್ಯ ಮುಗಿಯುವ ಹೊತ್ತಿಗೆ ಕ್ರಿಯಾಪದದ ತುದಿ ಗಂಡೋ ಹೆಣ್ಣೋ ಎಂದು ಹೇಳಿಯೇಬಿಡುತ್ತದೆ.

ಆದರೆ ನಮ್ಮ ಭಾಷೆಯೇ ಇನ್ನೊಂದು ಬಾಗಿಲನ್ನೂ ಇಟ್ಟಿದೆ. ಮೇಷ್ಟ್ರು ಬಂದರು, ಡಾಕ್ಟ್ರು ಕೂತರು, ಹಿರಿಯರು ಹೋಗಿಬಿಟ್ಟರು. ಮರ್ಯಾದೆ ಕೊಟ್ಟು ಮಾತಾಡುವಾಗ ನಾವು ಗಂಡು ಹೆಣ್ಣಿನ ಲೆಕ್ಕ ಕೇಳುವುದೇ ಇಲ್ಲ. ಮೂರು ವರ್ಷ ಯುದ್ಧಭೂಮಿಯಲ್ಲಿ ಬಂದೂಕು ಹೊತ್ತವರಿಗೆ ಆ ಬಹುವಚನ ಹೇಗೂ ಸಲ್ಲಬೇಕು. ಸೇರಿದರು. ಇಲ್ಲಿಂದ ಕೊನೆಯವರೆಗೂ ಅವರನ್ನು ನಾನು ಹೀಗೆಯೇ ಕರೆಯುತ್ತೇನೆ.

ಹುಟ್ಟಿದ್ದು 1843ರ ಡಿಸೆಂಬರ್ 25ರಂದು, ಐರ್ಲೆಂಡಿನ ಪೂರ್ವ ಕರಾವಳಿಯ ಕ್ಲಾಹರ್‌ಹೆಡ್ ಎಂಬ ಮೀನುಗಾರರ ಊರಿನಲ್ಲಿ. ತಂದೆತಾಯಿ ಇಟ್ಟ ಹೆಸರು ಜೆನ್ನಿ ಹಾಜರ್ಸ್. ಆ ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ಐರ್ಲೆಂಡಿನ ಆಲೂಗಡ್ಡೆ ಹೊಲಗಳಿಗೆ ರೋಗ ಬಿತ್ತು. ಬಡವರ ಹೊಟ್ಟೆ ತುಂಬಿಸುತ್ತಿದ್ದುದು ಅದೊಂದೇ ಬೆಳೆ. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವಿನಿಂದ, ಹಸಿವಿನ ಬೆನ್ನಿಗೆ ಬಂದ ಕಾಯಿಲೆಗಳಿಂದ ಸತ್ತರು. ಇನ್ನೂ ಅಷ್ಟೇ ಜನ ಹಡಗು ಹತ್ತಿದರು. ಜೆನ್ನಿ ಯಾವಾಗ, ಯಾರ ಜೊತೆ ಅಟ್ಲಾಂಟಿಕ್ ದಾಟಿದರು ಎಂಬುದಕ್ಕೆ ಅವರೇ ವಯಸ್ಸಾದ ಮೇಲೆ ಒಬ್ಬೊಬ್ಬರ ಮುಂದೆ ಒಂದೊಂದು ಕಥೆ ಹೇಳಿದ್ದಾರೆ. ಒಂದು ಕಥೆಯಲ್ಲಿ ಮಲತಂದೆ ಬರುತ್ತಾನೆ. ಗಂಡುಹುಡುಗನ ಬಟ್ಟೆ ತೊಡಿಸಿ ಬೂಟು ಹೊಲಿಯುವ ಕಾರ್ಖಾನೆಯ ಕೆಲಸಕ್ಕೆ ಹಚ್ಚುತ್ತಾನೆ. ಅದು ನಿಜವಿದ್ದರೆ, ಪ್ಯಾಂಟು ಮೊದಲು ಬಂದದ್ದು ಯುದ್ಧಕ್ಕಾಗಿ ಅಲ್ಲ, ಕೂಲಿಗಾಗಿ.

ಅಂತೂ 1862ರ ಬೇಸಿಗೆಯಲ್ಲಿ ಅಧ್ಯಕ್ಷ ಲಿಂಕನ್ ದಕ್ಷಿಣದ ಬಂಡಾಯ ರಾಜ್ಯಗಳ ವಿರುದ್ಧ ಉತ್ತರದ ಸೈನ್ಯಕ್ಕೆ ಮೂರು ವರ್ಷದ ಅವಧಿಗೆ 3 ಲಕ್ಷ ಸ್ವಯಂಸೇವಕ ಸೈನಿಕರು ಬೇಕೆಂದು ಕರೆ ಕೊಟ್ಟಾಗ, ಬೆಲ್ವಿಡೀರಿನ ಭರ್ತಿ ಮೇಜಿನ ಮುಂದೆ ನಿಂತದ್ದು ಆಲ್ಬರ್ಟ್ ಕ್ಯಾಶಿಯರ್. ದಾಖಲೆಯಲ್ಲಿ ವಯಸ್ಸು 19, ಎತ್ತರ 5 ಅಡಿ 3 ಅಂಗುಲ, ನೀಲಿ ಕಣ್ಣು, ಕಸುಬು ಬೇಸಾಯ. ಓದುಬರಹ ಬರುತ್ತಿರಲಿಲ್ಲ. ಸಹಿ ಮಾಡುವ ಕಡೆ ಒಂದು ಅಡ್ಡಗೀಟು, ಅದರ ಮೇಲೊಂದು ಗೀಟು. ನಮ್ಮಲ್ಲಿ ಹೆಬ್ಬೆಟ್ಟು ಒತ್ತುವ ಹಾಗೆ. ಆ ಎರಡು ಗೀಟಿಗೆ ಸಿಕ್ಕಿದ್ದು ತಿಂಗಳಿಗೆ 13 ಡಾಲರ್ ಸಂಬಳ, 95ನೇ ಇಲಿನಾಯ್ ಕಾಲಾಳು ರೆಜಿಮೆಂಟಿನ ಜಿ ಕಂಪನಿ ಎಂಬ ತುಕಡಿಯಲ್ಲಿ ಒಂದು ಜಾಗ.

ವೈದ್ಯಕೀಯ ತಪಾಸಣೆ ಇರಲಿಲ್ಲವೇ ಎಂದು ಈಗ ಯಾರಿಗಾದರೂ ಅನ್ನಿಸುತ್ತದೆ. ಇತ್ತು. ಆದರೆ ನಮ್ಮ ಬಟ್ಟೆ ಬಿಚ್ಚಿಸಲಿಲ್ಲ, ತೋರಿಸಿದ್ದು ಕೈ ಮತ್ತು ಕಾಲು ಅಷ್ಟೇ ಎಂದು ಅದೇ ಕಂಪನಿಯವರೊಬ್ಬರು ಅರ್ಧ ಶತಮಾನದ ನಂತರ ಹೇಳಿಕೆ ಕೊಟ್ಟಿದ್ದಾರೆ. ಲಕ್ಷಗಟ್ಟಲೆ ಜನರನ್ನು ತುರ್ತಾಗಿ ಸೇರಿಸಿಕೊಳ್ಳಬೇಕಿದ್ದ ಸರ್ಕಾರಕ್ಕೆ ಬೇಕಿದ್ದುದು ನಡೆಯುವ ಕಾಲು, ಬಂದೂಕಿನ ಕುದುರೆ ಎಳೆಯುವ ಬೆರಳು. ಮತ್ತೆ ಹಲ್ಲು.

ಹಲ್ಲಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಆ ಯುದ್ಧದ ಕಾಲಾಳುವಿನ ಕೈಲಿದ್ದುದು ಹೆಚ್ಚಾಗಿ ಸ್ಪ್ರಿಂಗ್‌ಫೀಲ್ಡ್ ಬಂದೂಕು, ಇಲ್ಲವೇ ಇಂಗ್ಲೆಂಡಿನಿಂದ ತರಿಸಿಕೊಂಡ ಎನ್‌ಫೀಲ್ಡ್. ಎರಡಕ್ಕೂ ಮದ್ದನ್ನು ನಳಿಗೆಯ ಬಾಯಿಂದಲೇ ತುಂಬಬೇಕು. ಸೊಂಟದ ಚೀಲದಿಂದ ಕಾಗದದಲ್ಲಿ ಸುತ್ತಿದ ಕಾಡತೂಸು ತೆಗೆಯಬೇಕು. ಅದರ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕು. ಮದ್ದಿನ ಪುಡಿ ನಳಿಗೆಗೆ ಸುರಿದು, ಅದರ ಮೇಲೆ ಸೀಸದ ಗುಂಡು ಇಟ್ಟು, ಉದ್ದನೆಯ ಕಬ್ಬಿಣದ ಸಲಾಕೆಯಿಂದ ತಳದವರೆಗೆ ಜಡಿಯಬೇಕು. ಸಲಾಕೆಯನ್ನು ಮತ್ತೆ ಅದರ ಜಾಗಕ್ಕೆ ಸೇರಿಸಿ, ಹಿಂಬದಿಯಲ್ಲಿ ತಾಮ್ರದ ಪುಟ್ಟ ಕ್ಯಾಪು ಕೂರಿಸಿ, ಕುದುರೆ ಎತ್ತಿ, ಗುರಿ ಹಿಡಿಯಬೇಕು. ಪಳಗಿದ ಕೈ ನಿಮಿಷಕ್ಕೆ ಮೂರು ಸಲ ಇಷ್ಟನ್ನೂ ಮಾಡುತ್ತಿತ್ತು. ಒಂದು ಗಂಟೆ ಗುಂಡು ಹಾರಿಸಿದವರ ತುಟಿ, ಗಲ್ಲ ಎಲ್ಲ ಮಸಿ. ಬಾಯೊಳಗೆ ಮದ್ದಿನ ಉಪ್ಪು, ಎಷ್ಟು ನೀರು ಕುಡಿದರೂ ತೀರದ ದಾಹ. ಕಚ್ಚಲು ಮುಂದಿನ ಹಲ್ಲುಗಳೇ ಇಲ್ಲದವರನ್ನು ಸೈನ್ಯ ವಾಪಸ್ ಕಳಿಸುತ್ತಿತ್ತು. 1857ರಲ್ಲಿ ನಮ್ಮ ಸಿಪಾಯಿಗಳು ಬಾಯಿಗಿಡಲು ಒಲ್ಲೆವೆಂದು ತಿರುಗಿಬಿದ್ದದ್ದು ಇದೇ ಎನ್‌ಫೀಲ್ಡಿನ ಕಾಡತೂಸಿಗೆ. ಐದೇ ವರ್ಷದ ಅಂತರ.

ಆ ಬಂದೂಕಿನ ಉದ್ದ 4 ಅಡಿ 8 ಅಂಗುಲದ ಹತ್ತಿರ, ತೂಕ ಸುಮಾರು 4 ಕಿಲೋ. ನೆಲಕ್ಕೂರಿ ನಿಲ್ಲಿಸಿದರೆ 5 ಅಡಿ 3 ಅಂಗುಲದವರ ಗದ್ದದ ತನಕ ಬರುತ್ತದೆ. ಮೇಲೊಂದು ಬಯೊನೆಟ್ ಸಿಕ್ಕಿಸಿದರೆ ತಲೆಯನ್ನೂ ದಾಟಿ ಹೋಗುತ್ತದೆ. ಕಂಪನಿಯಲ್ಲೆಲ್ಲ ಕುಳ್ಳಗಿದ್ದವರು ಕ್ಯಾಶಿಯರ್ ಎಂದು ಜೊತೆಗಾರರಿಗೆ ಮುಪ್ಪಿನಲ್ಲೂ ನೆನಪಿತ್ತು. ಅಷ್ಟೇ ಚೆನ್ನಾಗಿ ನೆನಪಿದ್ದದ್ದು ಇನ್ನೊಂದು: ಎಷ್ಟು ದೂರದ ನಡಿಗೆಯಿರಲಿ, ಎಂಥ ಕೆಲಸವಿರಲಿ, ಅವರು ಯಾರಿಗೂ ಕಡಿಮೆ ಬೀಳಲಿಲ್ಲ.

ಮೂರು ವರ್ಷ ಒಂದೇ ಗುಡಾರದಲ್ಲಿ ಮಲಗಿ ಗೊತ್ತಾಗಲಿಲ್ಲವೇ? ನನಗೂ ಮೊದಲು ನಂಬಿಕೆ ಬರಲಿಲ್ಲ. ಆದರೆ ಆ ಬದುಕನ್ನು ಸ್ವಲ್ಪ ಕಣ್ಣೆದುರು ತಂದುಕೊಂಡರೆ ಅರ್ಥವಾಗುತ್ತದೆ. ಸೈನಿಕರು ತೊಟ್ಟ ಬಟ್ಟೆಯಲ್ಲೇ ಮಲಗುತ್ತಿದ್ದರು, ವಾರಗಟ್ಟಲೆ ಸ್ನಾನವಿಲ್ಲ. ಸಮವಸ್ತ್ರ ದೊಗಳೆ. ಶೌಚಕ್ಕೆಂದು ತೋಡಿದ ಗುಂಡಿಗಳು ಗಬ್ಬು ನಾರುತ್ತಿದ್ದುದರಿಂದ ದೂರದ ಪೊದೆಯ ಮರೆಗೆ ಹೋಗುವವರು ಎಷ್ಟೋ ಜನ. ಮೀಸೆ ಮೂಡದ ಹದಿನಾರು ಹದಿನೇಳರ ಹುಡುಗರು ಪ್ರತಿ ಕಂಪನಿಯಲ್ಲೂ ಇದ್ದರು. ಇನ್ನೂ ಒಂದು ಮಾತಿದೆ, ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಆ ಕಾಲದಲ್ಲಿ ಪ್ಯಾಂಟು ತೊಟ್ಟು, ತಲೆಗೂದಲು ಕತ್ತರಿಸಿ, ಭುಜದ ಮೇಲೆ ಬಂದೂಕಿಟ್ಟು ನಡೆಯುವ ವ್ಯಕ್ತಿ ಹೆಣ್ಣಿರಬಹುದು ಎಂಬ ಯೋಚನೆಯೇ ಯಾರ ತಲೆಗೂ ಹೋಗುತ್ತಿರಲಿಲ್ಲ. ಬಟ್ಟೆಯೇ ಗುರುತಾಗಿತ್ತು.

ಈ ಕಾರಣಕ್ಕೇ ಇರಬೇಕು, ಆ ಯುದ್ಧದಲ್ಲಿ ಹೀಗೆ ಗಂಡು ಹೆಸರಿನಲ್ಲಿ ಹೋರಾಡಿದವರು ಎರಡೂ ಕಡೆ ಸೇರಿ ನೂರಾರು ಮಂದಿ ಎಂದು ಇತಿಹಾಸಕಾರರು ಲೆಕ್ಕ ಹಾಕುತ್ತಾರೆ. ಸಾರಾ ರೊಸೆಟ್ಟಾ ವೇಕ್‌ಮನ್ 153ನೇ ನ್ಯೂಯಾರ್ಕ್ ರೆಜಿಮೆಂಟಿನಲ್ಲಿ ಲಯನ್ಸ್ ವೇಕ್‌ಮನ್ ಆಗಿದ್ದರು. 1864ರಲ್ಲಿ ನ್ಯೂ ಆರ್ಲಿಯನ್ಸ್‌ನ ಆಸ್ಪತ್ರೆಯಲ್ಲಿ ಭೇದಿಯಿಂದ ಸತ್ತರು, ಲಯನ್ಸ್ ಎಂಬ ಹೆಸರಿನಲ್ಲೇ ಮಣ್ಣಾದರು.

95ನೇ ರೆಜಿಮೆಂಟಿಗೆ ಮೊದಲ ದೊಡ್ಡ ಪರೀಕ್ಷೆ ವಿಕ್ಸ್‌ಬರ್ಗ್. ಮಿಸಿಸಿಪಿ ನದಿಯ ಎತ್ತರದ ದಂಡೆಯ ಮೇಲಿರುವ ಊರು. ದಕ್ಷಿಣದವರ ಫಿರಂಗಿಗಳು ಅಲ್ಲಿರುವವರೆಗೂ ನದಿ ಉತ್ತರದವರಿಗೆ ಸಿಗುವಂತಿರಲಿಲ್ಲ. 1863ರ ಮೇ 19ರಂದು, ಮತ್ತೆ 22ರಂದು ಜನರಲ್ ಗ್ರಾಂಟ್ ನೇರ ದಾಳಿಗೆ ಆಜ್ಞೆ ಕೊಟ್ಟರು. ಕಡಿದಾದ ಮಣ್ಣಿನ ಕೊರಕಲುಗಳನ್ನು ಹತ್ತಿ, ಮೇಲೆ ಕಂದಕದಲ್ಲಿ ಕೂತವರ ಗುಂಡಿಗೆ ಎದೆಯೊಡ್ಡಿ ಹೋಗುವ ದಾಳಿ. 22ನೇ ತಾರೀಖು ಒಂದೇ ದಿನ ಉತ್ತರದ 3,000ಕ್ಕೂ ಹೆಚ್ಚು ಜನ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. 95ನೇ ರೆಜಿಮೆಂಟ್ ಎರಡೂ ದಿನ ಅಲ್ಲಿತ್ತು. ಆಮೇಲೆ ಮುತ್ತಿಗೆ. ಊರೊಳಗಿನ ಜನ ಗುಡ್ಡ ಕೊರೆದು ಗುಹೆಗಳಲ್ಲಿ ಬದುಕಿದರು, ಹೇಸರಗತ್ತೆಯ ಮಾಂಸ ತಿಂದರು. ಜುಲೈ 4ರಂದು ಊರು ಶರಣಾಯಿತು.

ಆ ದಿನಗಳ ಬಗ್ಗೆ ಜೊತೆಗಾರರು ಹೇಳಿಕೊಂಡು ಬಂದ ಕಥೆಗಳಲ್ಲಿ ಎರಡು ಇಲ್ಲಿ ಹೇಳಬೇಕು. ಶತ್ರುಗಳ ನೆಲೆ ನೋಡಿಬರಲು ಹೋದ ಕ್ಯಾಶಿಯರ್ ಸೆರೆ ಸಿಕ್ಕಿದರಂತೆ. ಕಾವಲುಗಾರನ ಬಂದೂಕನ್ನೇ ಕಿತ್ತುಕೊಂಡು, ಅವನನ್ನು ಕೆಡವಿ, ಓಡಿ ತಮ್ಮವರನ್ನು ಸೇರಿದರಂತೆ. ಇನ್ನೊಂದು ಸಲ, ಗುಂಡೇಟಿಗೆ ಕೆಳಗೆ ಬಿದ್ದ ತಮ್ಮ ಬಾವುಟವನ್ನು ಮರ ಹತ್ತಿ ಮತ್ತೆ ಕಟ್ಟಿದರಂತೆ. ಮುದಿ ಸೈನಿಕರ ನೆನಪು ವರ್ಷ ಕಳೆದ ಹಾಗೆ ಮೊಸರಿನಂತೆ ಗಟ್ಟಿಯಾಗುತ್ತದೆ, ನಾನು ಬಲ್ಲೆ. ಆದರೆ ಸಾಮಾನ್ಯರಾಗಿದ್ದ ಯಾರ ಬಗ್ಗೆಯೂ ಜನ ಇಂಥ ಕಥೆ ಉಳಿಸಿಕೊಂಡು ಬರುವುದಿಲ್ಲ.

ಮುಂದಿನ ವರ್ಷ ಲೂಸಿಯಾನಾದ ರೆಡ್ ರಿವರ್ ದಂಡಯಾತ್ರೆ. ಜೂನ್ 10ರಂದು ಮಿಸಿಸಿಪಿ ರಾಜ್ಯದ ಬ್ರೈಸಸ್ ಕ್ರಾಸ್‌ರೋಡ್ಸ್ ಕದನ. ಈ ಎರಡನೆಯದು ರೆಜಿಮೆಂಟಿನ ಅತ್ಯಂತ ಕೆಟ್ಟ ದಿನ. ಸುಡುವ ಬಿಸಿಲಿನಲ್ಲಿ, ಮಳೆಗೆ ಕೆಸರಾದ ರಸ್ತೆಯಲ್ಲಿ ಕಾಲಾಳುಗಳನ್ನು ಓಡಿಸಿಕೊಂಡು ರಣರಂಗಕ್ಕೆ ತಂದರು. ಎಷ್ಟೋ ಜನ ಶತ್ರುವಿನ ಮುಖ ನೋಡುವ ಮೊದಲೇ ಬಿಸಿಲಿಗೆ ಕುಸಿದರು. ಎಂಟು ಸಾವಿರದಷ್ಟಿದ್ದ ಉತ್ತರದ ಪಡೆಯನ್ನು ಅದಕ್ಕಿಂತ ಎಷ್ಟೋ ಕಡಿಮೆಯಿದ್ದ, ದಕ್ಷಿಣದ ಜನರಲ್ ಫಾರೆಸ್ಟ್‌ನ ಕುದುರೆ ಸವಾರರು ಚೆಲ್ಲಾಪಿಲ್ಲಿ ಮಾಡಿದರು. 95ನೇ ರೆಜಿಮೆಂಟಿನ ಕರ್ನಲ್ ಥಾಮಸ್ ಹಂಫ್ರಿ ಅಲ್ಲೇ ಸತ್ತರು. ಕ್ಯಾಶಿಯರ್ ಬದುಕಿ ಬಂದರು. ಆ ಡಿಸೆಂಬರಿನಲ್ಲಿ ನ್ಯಾಶ್‌ವಿಲ್, ಮರುವರ್ಷದ ವಸಂತದಲ್ಲಿ ಅಲಬಾಮಾದ ಮೊಬೀಲ್ ಬಳಿಯ ಕೋಟೆಗಳು.

1865ರ ಆಗಸ್ಟ್ 17ರಂದು ರೆಜಿಮೆಂಟನ್ನು ಬಿಡುಗಡೆ ಮಾಡಿದರು. ಹಡಗು, ರೈಲು, ನಡಿಗೆ ಎಲ್ಲ ಸೇರಿ ಅದು ಸುತ್ತಿದ್ದು 9,000ಕ್ಕೂ ಹೆಚ್ಚು ಮೈಲಿ. ಯುದ್ಧದಲ್ಲಿ ಸತ್ತವರು 84, ಕಾಯಿಲೆಯಿಂದ ಸತ್ತವರು 205. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೆ, ಆ ಯುದ್ಧದ ಬಗ್ಗೆ ಯೋಚಿಸುವಾಗಲೆಲ್ಲ ನನ್ನ ಕಣ್ಣಮುಂದೆ ಬರುವುದು ಬಾವುಟವಲ್ಲ, ಕಲಕು ನೀರು. ಕಾಯಿಲೆ ಬಿದ್ದು ಆಸ್ಪತ್ರೆಯಲ್ಲಿ ಮಲಗುವುದು ಎಲ್ಲರಿಗೂ ಪ್ರಾಣಭಯ. ಕ್ಯಾಶಿಯರ್‌ಗೆ ಅದರ ಜೊತೆ ಇನ್ನೊಂದು ಭಯ. ಎರಡನ್ನೂ ಮೂರು ವರ್ಷ ಹೊತ್ತು ನಡೆದರು.

ಯುದ್ಧ ಮುಗಿದ ಮೇಲೆ ಏನು ಮಾಡಿದರು ಎಂಬುದರಿಂದ ನಾನು ಅವರನ್ನು ಅರ್ಥ ಮಾಡಿಕೊಳ್ಳಲು ನೋಡುತ್ತೇನೆ. ಸಾರಾ ಎಮ್ಮಾ ಎಡ್ಮಂಡ್ಸ್ ಎಂಬವರು 2ನೇ ಮಿಶಿಗನ್ ರೆಜಿಮೆಂಟಿನಲ್ಲಿ ಫ್ರಾಂಕ್ಲಿನ್ ಥಾಂಪ್ಸನ್ ಆಗಿ ಸೇವೆ ಮಾಡಿದರು. ಆಮೇಲೆ ಆ ವೇಷ ಬಿಟ್ಟರು, ಮದುವೆಯಾದರು, ತಮ್ಮ ಕಥೆಯನ್ನು ತಾವೇ ಹೇಳಿಕೊಂಡರು. ಹಳೆಯ ಜೊತೆಗಾರರು ಸಾಕ್ಷಿ ಹೇಳಿದ ಮೇಲೆ 1884ರಲ್ಲಿ ಅಮೆರಿಕದ ಸಂಸತ್ತೇ ಅವರಿಗೆ ಪಿಂಚಣಿ ಮಂಜೂರು ಮಾಡಿತು. ಅವರಿಗೆ ಗಂಡುವೇಷ ಒಂದು ದಾರಿಯಾಗಿತ್ತು, ದಾರಿ ಮುಗಿದಾಗ ಇಳಿದರು. ಕ್ಯಾಶಿಯರ್ ಇಳಿಯಲೇ ಇಲ್ಲ. ಯುದ್ಧ ಮುಗಿದಾಗ ಅವರಿಗೆ ಇಪ್ಪತ್ತೊಂದು ವರ್ಷ. ಜೆನ್ನಿಯಾಗಿ ಹಿಂತಿರುಗಲು ಯಾರ ಅಡ್ಡಿಯೂ ಇರಲಿಲ್ಲ. ಹಿಂತಿರುಗಲಿಲ್ಲ. ಹೆಣ್ಣಿಗೆ ಸಿಗದ ಕೂಲಿ ಗಂಡಿಗೆ ಸಿಗುತ್ತಿತ್ತು, ಅದಕ್ಕೇ ಹಾಗಿದ್ದರು ಎನ್ನುವವರಿದ್ದಾರೆ. ಓದು ಬಾರದ, ಹಿಂದೆ ಮುಂದೆ ಯಾರೂ ಇಲ್ಲದ ಐರಿಶ್ ಹೆಣ್ಣಿಗೆ ಆಗ ಪಾತ್ರೆ ತೊಳೆಯುವುದು ಬಿಟ್ಟರೆ ಬೇರೆ ಏನಿತ್ತು ಎಂಬ ಪ್ರಶ್ನೆಯಲ್ಲಿ ಹುರುಳಿದೆ. ಆದರೂ ಕೂಲಿಗಾಗಿ ತೊಟ್ಟ ವೇಷವನ್ನು ಐವತ್ತು ವರ್ಷ, ಒಂಟಿಯಾಗಿ ಕದ ಹಾಕಿಕೊಂಡ ಮನೆಯೊಳಗೂ ಯಾರೂ ಉಟ್ಟಿರುವುದಿಲ್ಲ ಎಂದು ನನಗನ್ನಿಸುತ್ತದೆ. ಆಲ್ಬರ್ಟ್ ಎಂಬುದು ಅವರಿಗೆ ವೇಷವಾಗಿರಲಿಲ್ಲ. ಅದೇ ಅವರ ಬದುಕಾಗಿತ್ತು.

1869ರಲ್ಲಿ ಇಲಿನಾಯ್‌ನದೇ ಸಾನೆಮಿನ್ ಎಂಬ ಸಣ್ಣ ಊರಿಗೆ ಬಂದು ನೆಲೆಸಿದರು. ಚೆಸ್‌ಬ್ರೋ ಎಂಬ ರೈತರ ಕುಟುಂಬ ಕೆಲಸ ಕೊಟ್ಟಿತು, ಇರಲು ಒಂಟಿಕೋಣೆಯ ಮರದ ಮನೆಯನ್ನೂ ಕಟ್ಟಿಸಿಕೊಟ್ಟಿತು. ಊಟ ಎಷ್ಟೋ ಸಲ ಅವರ ಮನೆಯಲ್ಲೇ. ಹೊಲದ ಕೆಲಸ, ಚರ್ಚಿನ ಕಸ ಗುಡಿಸುವುದು, ಸ್ಮಶಾನ ನೋಡಿಕೊಳ್ಳುವುದು, ಸಂಜೆ ಬೀದಿದೀಪ ಹಚ್ಚುವುದು. ಚುನಾವಣೆ ಬಂದಾಗ ಹೋಗಿ ಮತ ಹಾಕುತ್ತಿದ್ದರು. ಇಲಿನಾಯ್‌ನ ಹೆಂಗಸರು ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುವ ಹಕ್ಕಿಗೆ 1913ರ ತನಕ ಕಾಯಬೇಕಾಯಿತು. ಮಡಿದ ಸೈನಿಕರ ಸ್ಮರಣೆಯ ದಿನ ಹಳೆಯ ಸಮವಸ್ತ್ರ ತೊಟ್ಟು ಮೆರವಣಿಗೆಯಲ್ಲಿ ನಡೆಯುತ್ತಿದ್ದರು. ಹೀಗೆ ನಲವತ್ತು ವರ್ಷ. ಹೇಳಲು ಹೆಚ್ಚೇನೂ ಇಲ್ಲ, ಮತ್ತು ಹೆಚ್ಚೇನೂ ಆಗದಿದ್ದುದೇ ಅವರಿಗೆ ಬೇಕಿದ್ದ ಬದುಕು ಎಂದುಕೊಳ್ಳುತ್ತೇನೆ.

ಊರಿನಲ್ಲಿ ಒಬ್ಬಿಬ್ಬರಿಗೆ ವಿಷಯ ಗೊತ್ತಾಗಿತ್ತು. ಒಮ್ಮೆ ಜ್ವರ ಬಂದು ಮಲಗಿದಾಗ ನೆರೆಮನೆಯವರು ಆರೈಕೆಗೆ ಕಳಿಸಿದ ನರ್ಸ್ ನೋಡಿಬಿಟ್ಟರು. ನೆರೆಮನೆಯವರು ಬಾಯಿ ಬಿಡಲಿಲ್ಲ. 1910ರ ನವೆಂಬರಿನಲ್ಲಿ, ತಾವು ಕೆಲಸ ಮಾಡುತ್ತಿದ್ದ ಐರಾ ಲಿಶ್ ಎಂಬ ರಾಜ್ಯ ಸೆನೆಟರ್‌ರ ಕಾರಿಗೆ ಸಿಕ್ಕಿ ಕ್ಯಾಶಿಯರ್ ಕಾಲು ಮುರಿದುಕೊಂಡರು. ಮೂಳೆ ಕೂರಿಸಲು ಬಂದ ಡಾಕ್ಟರಿಗೆ ತಿಳಿಯಿತು, ಸೆನೆಟರ್‌ಗೂ ತಿಳಿಯಿತು. ಅವರಿಬ್ಬರೂ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡೇ 1911ರ ಮೇ ತಿಂಗಳಲ್ಲಿ ಅವರನ್ನು ಕ್ವಿನ್ಸಿಯಲ್ಲಿದ್ದ ನಿವೃತ್ತ ಸೈನಿಕರ ಆಶ್ರಮಕ್ಕೆ ಸೇರಿಸಿದರು. ಅಲ್ಲೂ ಅವರು ಆಲ್ಬರ್ಟ್ ಕ್ಯಾಶಿಯರೇ. ಈ ಭಾಗ ಓದುವಾಗ ನನಗೆ ಮನಸ್ಸು ತುಂಬಿ ಬಂತು. ನೂರು ವರ್ಷದ ಹಿಂದಿನ ಹಳ್ಳಿಗಾಡಿನ ಜನ, ಗುಟ್ಟು ತಿಳಿದ ಮೇಲೂ ಅದನ್ನು ಸಂತೆಗೆ ಒಯ್ಯಲಿಲ್ಲ. ಕಾಲಿಗೆ ಪಟ್ಟಿ ಕಟ್ಟಿದರು, ಗಂಜಿ ಕೊಟ್ಟರು, ಹಳೆಯ ಹೆಸರಿನಿಂದಲೇ ಕರೆದರು.

ಮುಂದಿನದು ಬರೆಯಲು ಕಷ್ಟ. ವಯಸ್ಸಿನ ಜೊತೆ ಮರೆವು ಶುರುವಾಯಿತು, ಬುದ್ಧಿ ತಪ್ಪತೊಡಗಿತು. ಸುದ್ದಿ ಹೊರಬಿತ್ತು, ಪತ್ರಿಕೆಗಳು ದೇಶವಿಡೀ ಹಬ್ಬಿಸಿದವು. 1914ರ ಮಾರ್ಚಿನಲ್ಲಿ ವಾಟರ್‌ಟೌನ್ ಎಂಬಲ್ಲಿದ್ದ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿ ಹೆಂಗಸರ ವಾರ್ಡಿಗೆ ಹಾಕಿ, ಉದ್ದನೆಯ ಲಂಗ ತೊಡಿಸಿದರು.

ಐವತ್ತು ವರ್ಷ ಪ್ಯಾಂಟಿನಲ್ಲಿ ಓಡಾಡಿದ ಕಾಲಿಗೆ, ಅದರಲ್ಲೂ ಒಮ್ಮೆ ಮುರಿದು ಕೂಡಿದ ಕಾಲಿಗೆ, ನೆಲ ಗುಡಿಸುವ ಬಟ್ಟೆ. ಜಿ ಕಂಪನಿಯಲ್ಲಿ ಸಾರ್ಜೆಂಟ್ ಆಗಿದ್ದ ಚಾರ್ಲ್ಸ್ ಐವ್ಸ್ ನೋಡಲು ಹೋದರು. ನಾನು ಬಿಟ್ಟುಬಂದದ್ದು ಹೆದರಿಕೆ ಅರಿಯದ ಹುಡುಗನನ್ನು, ಅಲ್ಲಿ ಕಂಡದ್ದು ಲಂಗ ಉಡಿಸಿದ್ದರಿಂದ ಮುರಿದುಹೋದ ಎಪ್ಪತ್ತರ ಮುದುಕಿಯನ್ನು ಎಂಬರ್ಥದಲ್ಲಿ ಅವರು ಹೇಳಿದ್ದಾರೆ. ಆ ಬಟ್ಟೆಯಲ್ಲಿ ನಡೆಯಲು ಬರುತ್ತಿರಲಿಲ್ಲ, ಒಂದು ದಿನ ಎಡವಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡರು, ಮತ್ತೆ ಚೇತರಿಸಿಕೊಳ್ಳಲಿಲ್ಲ ಎಂದೂ ಹೇಳಿದ್ದಾರೆ. ಮದ್ದುಗುಂಡು, ಭೇದಿ, ಬಿಸಿಲು, ಕಾರು ಎಲ್ಲದರಿಂದ ಉಳಿದ ಜೀವ. ಕೆಡವಿದ್ದು ಲಂಗ. ಆಸ್ಪತ್ರೆಯವರಿಗೆ ಕೆಟ್ಟ ಉದ್ದೇಶವಿತ್ತು ಎಂದು ನಾನು ಹೇಳುವುದಿಲ್ಲ. ಸರಿಯಾದದ್ದನ್ನೇ ಮಾಡುತ್ತಿದ್ದೇವೆ ಎಂದು ನಂಬಿದ್ದರು. ನನ್ನ ಸಿಟ್ಟು ಅದರಿಂದ ಕಡಿಮೆಯಾಗುವುದಿಲ್ಲ.

ಇದೇ ಹೊತ್ತಿಗೆ ಪಿಂಚಣಿ ಇಲಾಖೆ ತನಿಖೆ ಶುರುಮಾಡಿತು. ಕ್ಯಾಶಿಯರ್‌ಗೆ 1907ರಿಂದ ಸೈನಿಕರ ಪಿಂಚಣಿ ಬರುತ್ತಿತ್ತು. ಈಗ ಸಂಶಯ ಬಂತು: ಈ ಮುದುಕಿ ನಿಜವಾದ ಕ್ಯಾಶಿಯರ್ ಹೌದೋ, ಸತ್ತ ಯಾವನೋ ಸೈನಿಕನ ಹೆಸರು ಹೇಳಿಕೊಂಡು ಸರ್ಕಾರಕ್ಕೆ ಮೋಸ ಮಾಡುತ್ತಿರುವವಳೋ? ಅಧಿಕಾರಿಗಳು 95ನೇ ರೆಜಿಮೆಂಟಿನಲ್ಲಿ ಇನ್ನೂ ಬದುಕಿದ್ದವರನ್ನು ಹುಡುಕಿಕೊಂಡು ಹೋದರು.

ನಮ್ಮ ಅಜ್ಜಿಯ ವಿಷಯ ಇಲ್ಲಿ ಹೇಳದೆ ಇರಲಾರೆ. ಅಜ್ಜಿಗೆ ಎರಡು ಹೆಸರು. ತವರಿನಲ್ಲಿ ಇಟ್ಟದ್ದೊಂದು, ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರವಿ ಉಂಗುರದಿಂದ ಅಜ್ಜ ಬರೆದದ್ದು ಇನ್ನೊಂದು. ಅಜ್ಜ ಪ್ರಾಥಮಿಕ ಶಾಲೆಯ ಮೇಷ್ಟ್ರು. ಅವರ ಸೇವಾ ಪುಸ್ತಕದಲ್ಲಿ ಅಕ್ಕಿಯ ಹೆಸರು, ಅಜ್ಜಿಯ ಮತದಾರರ ಗುರುತಿನ ಚೀಟಿಯಲ್ಲಿ ತವರಿನ ಹೆಸರು. ಅಜ್ಜ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದರೆ ಕಚೇರಿಯೊಂದರ ಮೇಜಿನ ಆಚೆಯಿಂದ ಬಂದ ಪ್ರಶ್ನೆ, ಇವರಿಬ್ಬರೂ ಒಬ್ಬರೇ ಎನ್ನುವುದಕ್ಕೆ ಏನು ದಾಖಲೆ? ಎಂಟು ತಿಂಗಳು ಅಲೆದೆವು. ಅಜ್ಜಿ ಪ್ರತಿ ಸಲವೂ ಸೆರಗು ಸರಿಮಾಡಿಕೊಂಡು ಆ ಬೆಂಚಿನ ಮೇಲೆ ಕೂರುತ್ತಿದ್ದರು. ನಾನೇ ಅಲ್ಲವೇನೋ ಎಂದು ಒಂದು ಸಂಜೆ ಬಸ್ಸಿನಲ್ಲಿ ನನ್ನನ್ನು ಕೇಳಿದರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಕೊನೆಗೆ ಅಫಿಡವಿಟ್ ಮಾಡಿಸಿ, ಸಾಕ್ಷಿಗೆ ನೆರೆಯವರನ್ನು ಕರೆದುಕೊಂಡು ಹೋದೆವು. ನಲವತ್ತು ವರ್ಷ ನಮ್ಮ ಮನೆಗೆ ಹಾಲು ಹಾಕಿದ ಯಜಮಾನರು ಅವತ್ತು ಧೋತರ ಬದಲಾಯಿಸಿಕೊಂಡು ಬಂದಿದ್ದರು. ನೋಟರಿ ಎರಡು ಹೆಸರನ್ನೂ ಓದಿ, ಇವರು ನಿಮಗೆ ಯಾವ ಹೆಸರಿನಿಂದ ಪರಿಚಯ ಎಂದು ಕೇಳಿದರು. "ಏನ್ ಬರ್ಕೊಂತೀರೋ ಬರ್ಕೊಳ್ಳಿ ಸ್ವಾಮಿ, ಇವ್ರು ನಮ್ ಮೇಷ್ಟ್ರ ಮನೆಯವ್ರು" ಎಂದರು ಯಜಮಾನರು. ಎರಡು ಹೆಸರಿನ ನಡುವೆ 'ಉರುಫ್' ಎಂದು ಟೈಪ್ ಮಾಡಿದ ಆ ಕಾಗದವನ್ನು ಅಜ್ಜಿ ಸೀರೆಗಳ ಮಡಿಕೆಯಲ್ಲಿ ಇಟ್ಟುಕೊಂಡಿದ್ದರು.

95ನೇ ರೆಜಿಮೆಂಟಿನ ಮುದುಕರು ಮಾಡಿದ್ದು ಇದನ್ನೇ. ಪ್ರಮಾಣ ಮಾಡಿ ಹೇಳಿಕೆ ಕೊಟ್ಟರು. ಕೆಲವರು ಆಸ್ಪತ್ರೆಗೆ ಹೋಗಿ ಮುಖ ನೋಡಿ ಬಂದರು. ಹೌದು, ಇದು ನಮ್ಮ ಕ್ಯಾಶಿಯರ್. ಅರ್ಧ ಶತಮಾನದ ಮೇಲೆ ಸತ್ಯ ಹೀಗೆ ತಿಳಿದಾಗ ಯಾರೊಬ್ಬರಿಗಾದರೂ ಮೋಸ ಹೋದೆವೆಂಬ ಕೋಪ ಬರಬಹುದಿತ್ತು. ಅದು 1915ರ ಕಾಲ, ಅವರೆಲ್ಲ ಹಳೆಯ ಪದ್ಧತಿಯ ರೈತರು, ವ್ಯಾಪಾರಿಗಳು. ಹೇಳಿಕೆಗಳಲ್ಲಿ ಅಚ್ಚರಿ ಇದೆ, ಅಸಹ್ಯ ಇಲ್ಲ. ಮಾತು ಮತ್ತೆ ಮತ್ತೆ ತಿರುಗುವುದು ಅದೇ ಕಡೆಗೆ: ಕುಳ್ಳಗಿದ್ದರೂ ಹಿಂದೆ ಬೀಳಲಿಲ್ಲ, ತನ್ನ ಪಾಡಿಗೆ ಇರುತ್ತಿದ್ದ, ಧೈರ್ಯವಂತ. ಎಷ್ಟೋ ಹುಡುಗರು ಸುಳ್ಳು ಹೆಸರಿನಲ್ಲಿ ಸೇರಿದ್ದರು, ನಾನೂ ಹಾಗೆಯೇ ಸೇರಿದೆ, ದೇಶಕ್ಕೆ ಜನ ಬೇಕಿತ್ತು ಎಂದು ಕ್ಯಾಶಿಯರ್ ಐವ್ಸ್‌ಗೆ ಹೇಳಿದರಂತೆ. ಇಲಾಖೆ 1915ರ ಫೆಬ್ರವರಿಯಲ್ಲಿ ತೀರ್ಮಾನಕ್ಕೆ ಬಂತು. ಪಿಂಚಣಿ ನಿಲ್ಲಿಸಲಿಲ್ಲ.

ಅದೇ ವರ್ಷ ಅಕ್ಟೋಬರ್ 10ರಂದು ಕ್ಯಾಶಿಯರ್ ತೀರಿಕೊಂಡರು. ಅಂತರ್ಯುದ್ಧದ ಹಳೆಯ ಸೈನಿಕರ ಸಂಘದವರು ಅವರ ದೇಹಕ್ಕೆ ಮತ್ತೆ ಸಮವಸ್ತ್ರ ತೊಡಿಸಿದರು. ಸೈನಿಕ ಮರ್ಯಾದೆಯೊಂದಿಗೆ ಸಾನೆಮಿನ್‌ಗೆ ತಂದು ಮಣ್ಣು ಮಾಡಿದರು. ಬಿಟ್ಟುಹೋದ ಹಣ 300 ಡಾಲರಿಗೂ ಕಡಿಮೆ. ಅದರ ಜವಾಬ್ದಾರಿ ಹೊತ್ತವರು ವಾರಸುದಾರರನ್ನು ಒಂಬತ್ತು ವರ್ಷ ಹುಡುಕಿದರು. ಯಾರೂ ಖಾತ್ರಿಯಾಗದೆ ಹಣ ಸರ್ಕಾರದ ಖಜಾನೆಗೆ ಹೋಯಿತು.

ವಿಕ್ಸ್‌ಬರ್ಗ್‌ನಲ್ಲಿ ಇಲಿನಾಯ್ ರಾಜ್ಯ ಕಟ್ಟಿಸಿದ ಬಿಳಿಯ ಸ್ಮಾರಕವೊಂದಿದೆ. ಮುತ್ತಿಗೆಯ 47 ದಿನಗಳಿಗೆ 47 ಮೆಟ್ಟಿಲು. ಒಳಗೆ ಕಂಚಿನ ಫಲಕಗಳ ಮೇಲೆ ಆ ಹೋರಾಟದಲ್ಲಿದ್ದ ಇಲಿನಾಯ್‌ನ 36,325 ಸೈನಿಕರ ಹೆಸರು. ಅದು ಉದ್ಘಾಟನೆಯಾದದ್ದು 1906ರಲ್ಲಿ, ಸುದ್ದಿ ಹೊರಬೀಳುವ ಮೊದಲು. ಆಲ್ಬರ್ಟ್ ಡಿ. ಜೆ. ಕ್ಯಾಶಿಯರ್ ಎಂಬ ಹೆಸರು ಕಂಚಿನಲ್ಲಿ ಮೂಡಿದಾಗ ಆ ಹೆಸರಿನವರು ಸಾನೆಮಿನ್‌ನ ಒಂಟಿಕೋಣೆಯಲ್ಲಿ ಇನ್ನೂ ಬದುಕಿದ್ದರು. ವಿಷಯ ತಿಳಿದ ಮೇಲೂ ಅದನ್ನು ಯಾರೂ ತೆಗೆಯಲಿಲ್ಲ. ಈಗಲೂ ಅಲ್ಲಿದೆ.

ಸಮಾಧಿಯ ಬಳಿ ಎರಡು ಕಲ್ಲುಗಳಿವೆ. ದೊಡ್ಡದನ್ನು 1970ರ ದಶಕದಲ್ಲಿ ನಿಲ್ಲಿಸಿದರು. ಅದರಲ್ಲಿ ಎರಡೂ ಹೆಸರಿದೆ, ಕ್ಲಾಹರ್‌ಹೆಡ್‌ನ ಹೆಸರೂ ಇದೆ. ಅಜ್ಜಿಯ ಅಫಿಡವಿಟ್ ಕಂಡವನಿಗೆ ಆ ಕಲ್ಲು ಪರಕೀಯ ಅನ್ನಿಸುವುದಿಲ್ಲ. ಸಣ್ಣದು ಮೊದಲಿನದು, ಜೊತೆಗಾರರ ಕಾಲದ್ದು. ಅದರ ಮೇಲಿನ ಸಾಲನ್ನು ಕನ್ನಡಕ್ಕೆ ತರುವಾಗ ಒಂದು ಕ್ರಿಯಾಪದವೂ ಬೇಕಾಗಲಿಲ್ಲ.

ಆಲ್ಬರ್ಟ್ ಡಿ. ಜೆ. ಕ್ಯಾಶಿಯರ್, ಜಿ ಕಂಪನಿ, 95ನೇ ಇಲಿನಾಯ್ ಕಾಲಾಳು ಪಡೆ.